ತಾಮ್ರದ ತಂತಿ, ಟವರ್, ಫೈಬರ್: ಮಲೆನಾಡಿನ ಒಂದು ಮನೆಯ ಅಂತರ್ಜಾಲ ಹೋಲಿಕೆ

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಹೋಬಳಿಯಲ್ಲಿ, ಡಾಂಬರು ರಸ್ತೆ ಮುಗಿದ ಮೇಲೆ ತೋಟದ ದಾರಿಯಲ್ಲಿ ಒಂದೂವರೆ ಕಿಲೋಮೀಟರ್ ಇಳಿದರೆ ನಮ್ಮ ಮನೆ ಸಿಗುತ್ತದೆ. ಕಾಫಿಯ ದರ ನೋಡಲು, ಪಹಣಿ ತೆಗೆಯಲು, ಆನೆ ಯಾವ ತೋಟದಲ್ಲಿದೆ ಎಂಬ ವಾಟ್ಸಾಪ್ ಸಂದೇಶ ಓದಲು ಹೆಚ್ಚಿನ ವೇಗವೇನೂ ಬೇಕಿರಲಿಲ್ಲ. ಬೆಂಗಳೂರಿನ ಕಂಪನಿಯೊಂದರಲ್ಲಿರುವ ಮಗಳು ವರ್ಷದಲ್ಲಿ ಕೆಲವು ತಿಂಗಳು ಊರಿನಿಂದಲೇ ಕೆಲಸ ಮಾಡುವುದಾಗಿ ಹೇಳಿದ ಮೇಲೆ ಹುಡುಕಾಟ ಆರಂಭವಾಯಿತು. ಆರು ವರ್ಷಗಳಲ್ಲಿ ನಾನು ಬಳಸಿ ನೋಡಿದ ಸಂಪರ್ಕಗಳನ್ನು ಇಲ್ಲಿ ಹೋಲಿಸಿದ್ದೇನೆ. ಕಂಪನಿಗಳ ಹೆಸರು ಬರೆದಿಲ್ಲ, ಏಕೆಂದರೆ ನಮ್ಮ ಭಾಗದಲ್ಲಿ ಒಂದೇ ಕಂಪನಿ ಗುಡ್ಡದ ಈ ಮಗ್ಗುಲಲ್ಲಿ ಉತ್ತಮವಾಗಿದ್ದು ಆ ಮಗ್ಗುಲಲ್ಲಿ ನಿರುಪಯುಕ್ತವಾಗಿರುತ್ತದೆ.

ಮೊದಲು ಇದ್ದದ್ದು ಸ್ಥಿರ ದೂರವಾಣಿಯ ತಾಮ್ರದ ತಂತಿಯ ಮೇಲೆ ಬರುತ್ತಿದ್ದ ಬ್ರಾಡ್‌ಬ್ಯಾಂಡ್. ಎಕ್ಸ್‌ಚೇಂಜಿನ ಪಕ್ಕದ ಮನೆಗೆ ಈ ತಂತ್ರಜ್ಞಾನ ಸೆಕೆಂಡಿಗೆ 24 ಮೆಗಾಬಿಟ್, ಅಂದರೆ 24 ಎಂಬಿಪಿಎಸ್‌ವರೆಗೆ ಕೊಡಬಲ್ಲದು. ತಂತಿ ಉದ್ದವಾದಂತೆ ಸಂಕೇತ ಕ್ಷೀಣಿಸುತ್ತದೆ. ಸುಮಾರು ನಾಲ್ಕೂವರೆ ಕಿಲೋಮೀಟರ್ ತಂತಿಯ ತುದಿಯಲ್ಲಿದ್ದ ನಮಗೆ ಒಳ್ಳೆಯ ದಿನದಲ್ಲಿ 1.6 ಎಂಬಿಪಿಎಸ್ ಸಿಗುತ್ತಿತ್ತು. ಕನಿಷ್ಠ 512 ಕೆಬಿಪಿಎಸ್ (ಸುಮಾರು ಅರ್ಧ ಎಂಬಿಪಿಎಸ್) ಇದ್ದರೆ ಅದು ಬ್ರಾಡ್‌ಬ್ಯಾಂಡ್ ಎಂಬ ಸರ್ಕಾರಿ ವ್ಯಾಖ್ಯೆಯನ್ನು 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿಸಿದಾಗ, ನಮ್ಮ ಸಂಪರ್ಕವು ಏನೂ ಬದಲಾಗದೆಯೇ ಬ್ರಾಡ್‌ಬ್ಯಾಂಡ್ ಎಂಬ ಹೆಸರನ್ನು ಕಳೆದುಕೊಂಡಿತು. ಆರಿದ್ರಾ ಮಳೆ ಹಿಡಿದರೆ ಜೋಡಣೆಗಳಲ್ಲಿ ನೀರು ಇಳಿದು ಫೋನಿನಲ್ಲಿ ಕರಕರ ಸದ್ದು ಶುರುವಾಗುತ್ತಿತ್ತು, ಅದರ ಹಿಂದೆಯೇ ಮೋಡೆಮ್ಮಿನ ದೀಪ ಮಿನುಗತೊಡಗುತ್ತಿತ್ತು. ಇದನ್ನು ಉಳಿಸಿಕೊಳ್ಳಲು ಕಾರಣವೇ ಇರಲಿಲ್ಲ.

ಎರಡನೆಯದು 4ಜಿ. ಇದರಲ್ಲಿ ನಾನು ಮಾಡಿದ ತಪ್ಪುಗಳೇ ಹೆಚ್ಚಾದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಸಕಲೇಶಪುರ ಪೇಟೆಯಲ್ಲಿ ಯಾರ ಸಿಮ್ ವೇಗವಾಗಿದೆ ಎಂದು ವಿಚಾರಿಸಿ ಅದನ್ನೇ ತಂದದ್ದು ಮೊದಲನೆಯ ತಪ್ಪು. ಪೇಟೆಯಲ್ಲಿ ವೇಗ ಕೊಡುತ್ತಿದ್ದದ್ದು 2300 ಮೆಗಾಹರ್ಟ್ಸ್ ತರಂಗ. ಅದು ಗುಡ್ಡದ ಅಂಚನ್ನು ಬಳಸಿ ಬಾಗಲಾರದು, ಮಳೆಯಲ್ಲಿ ನೆನೆದ ಸಿಲ್ವರ್ ಮರಗಳ ಸಾಲನ್ನು ದಾಟುವಷ್ಟರಲ್ಲಿ ಸೋತುಹೋಗುತ್ತದೆ. 850 ಅಥವಾ 900 ಮೆಗಾಹರ್ಟ್ಸ್ ತರಂಗದ ವೇಗ ಕಡಿಮೆಯಿದ್ದರೂ ಅದು ಕಣಿವೆಯೊಳಗೆ ಇಳಿದು ಬರುತ್ತದೆ. ಫೋನಿನ ಪರದೆಯ ಕಡ್ಡಿಗಳನ್ನು ಎಣಿಸುವುದರಿಂದ ಇದು ತಿಳಿಯದು. ಯಾವ ತರಂಗ, ಎಷ್ಟು ಡಿಬಿಎಂ (ಸಂಕೇತದ ಬಲದ ಅಳತೆ; ಮೈನಸ್ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಎಂದು ತೋರಿಸುವ ಉಚಿತ ಆ್ಯಪ್‌ಗಳಿವೆ. ನಮ್ಮ ನಡುಮನೆಯಲ್ಲಿ ಮೈನಸ್ 114 ಇದ್ದದ್ದು ಹೆಂಚಿನ ಮೇಲೆ ಮೈನಸ್ 99 ಆಯಿತು. ಮೈನಸ್ 110ಕ್ಕಿಂತ ಕೆಳಗಿದ್ದರೆ ವಿಡಿಯೊ ಕರೆಯ ಆಸೆ ಬಿಡಬೇಕು.

ಎರಡನೆಯ ತಪ್ಪು ಆಂಟೆನಾದ್ದು. ಮಾಡಿನ ಮೇಲೆ ಆಂಟೆನಾ ನಿಲ್ಲಿಸಿ, ಇಪ್ಪತ್ತು ಮೀಟರ್ ಅಗ್ಗದ ಕೇಬಲ್ ಎಳೆದು ಒಳಗಿನ ರೂಟರಿಗೆ ಸೇರಿಸಿದೆ. ಮೇಲೆ ಗಳಿಸಿದ್ದೆಲ್ಲವೂ ಕೇಬಲ್ಲಿನಲ್ಲೇ ಕರಗಿತು. ಆಮೇಲೆ ರೂಟರನ್ನೇ ಹೊರಗೆ ಕಂಬದ ಮೇಲಿಡುವ ಬಗೆಯದನ್ನು ಕೊಂಡೆ. ಅದಕ್ಕೆ ನೆಟ್‌ವರ್ಕ್ ಕೇಬಲ್ಲಿನ ಮೂಲಕವೇ ವಿದ್ಯುತ್ತು ಹೋಗುತ್ತದೆ, ನೂರು ಮೀಟರ್‌ವರೆಗೆ ನಷ್ಟದ ಚಿಂತೆಯಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮೋಡ ಕಟ್ಟುವ ಮೊದಲೇ ಅದನ್ನು ಕಳಚಿಡುವುದು ಅಭ್ಯಾಸವಾಗಬೇಕು. ಒಮ್ಮೆ ಮರೆತೆ, ಹೊಸದನ್ನು ಕೊಂಡೆ.

ಇಷ್ಟೆಲ್ಲ ಆದ ಮೇಲೆ ಬೆಳಿಗ್ಗೆ 18ರಿಂದ 20 ಎಂಬಿಪಿಎಸ್ ಸಿಕ್ಕಿತು, ರಾತ್ರಿ ಎಂಟರ ಹೊತ್ತಿಗೆ ಮೂರೋ ನಾಲ್ಕೋ ಉಳಿಯಿತು. ಶನಿವಾರ, ಭಾನುವಾರದ ಜತೆಗೆ ಸೋಮವಾರವೂ ರಜೆ ಬಂದರೆ ಸುತ್ತಲಿನ ಹೋಮ್‌ಸ್ಟೇಗಳು ತುಂಬಿ, ಬಂದವರೆಲ್ಲರೂ ಜಲಪಾತದ ವಿಡಿಯೊಗಳನ್ನು ಅದೇ ಟವರಿನ ಮೂಲಕ ಏರಿಸುತ್ತಾರೆ. ಆ ಮೂರು ದಿನ ಮಗಳ ಪಾಲಿಗೆ ಒಂದು ಎಂಬಿಪಿಎಸ್ ಕೂಡ ಉಳಿಯುತ್ತಿರಲಿಲ್ಲ. ಖರ್ಚಿನ ಲೆಕ್ಕದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. 28 ದಿನದ ರೀಚಾರ್ಜ್ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಆಗುತ್ತದೆ. ದಿನಕ್ಕೆ 2 ಜಿಬಿ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಕಚೇರಿಯ ವಿಡಿಯೊ ಸಭೆಗಳಿದ್ದ ದಿನ ನಮಗೆ ಅದು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯುತ್ತಿತ್ತು.

5ಜಿ ವೈರ್‌ಲೆಸ್ ಸಂಪರ್ಕದ ಬಗ್ಗೆ ಹೆಚ್ಚು ಬರೆಯುವಂತಿಲ್ಲ. ಪೇಟೆಯಲ್ಲಿರುವ ನನ್ನ ಷಡ್ಡಕರ ಮನೆಯಲ್ಲಿ ಅದು ಚೆನ್ನಾಗಿ ನಡೆಯುತ್ತಿದೆ, ಮಾಡಿನ ಮೇಲಿನ ಪೆಟ್ಟಿಗೆಗೆ ಟವರ್ ಕಣ್ಣಳತೆಯಲ್ಲಿದೆ. ಅದರ ಮುಖ್ಯ ತರಂಗ 3300 ಮೆಗಾಹರ್ಟ್ಸ್‌ನದು. 2300 ದಾಟಲಾಗದ ಗುಡ್ಡವನ್ನು ಅದು ದಾಟುವ ಮಾತಿಲ್ಲ. ನಮ್ಮ ಮನೆಗೆ ಬಂದ ಹುಡುಗ ಅಂಗಳದಲ್ಲಿ ಫೋನ್ ಹಿಡಿದು ಒಂದು ಸುತ್ತು ಹಾಕಿ, ಕಾಫಿ ಕುಡಿದು ಹಿಂದಿರುಗಿದ.

ಉಪಗ್ರಹದ ಸಂಪರ್ಕವನ್ನು ಪಕ್ಕದ ಎಸ್ಟೇಟಿನ ಕಚೇರಿಯಲ್ಲಿ ಒಂದು ಮಧ್ಯಾಹ್ನ ಕುಳಿತು ಪರೀಕ್ಷಿಸಿದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಸಂಕೇತ ಹೋಗಿ, ಇಳಿದು, ಉತ್ತರ ಅದೇ ದಾರಿಯಲ್ಲಿ ಬರುವಷ್ಟರಲ್ಲಿ ಅರ್ಧ ಸೆಕೆಂಡಿಗೂ ಹೆಚ್ಚು ಕಾಲ ಕಳೆಯುತ್ತದೆ; ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುತ್ತಾರೆ. ಅದು ಬಳಸುವ ಹೆಚ್ಚಿನ ಆವರ್ತನದ ತರಂಗಗಳನ್ನು ದಟ್ಟ ಮಳೆಯೂ ಕುಗ್ಗಿಸುತ್ತದೆ. ಸುಮಾರು 550 ಕಿಲೋಮೀಟರ್ ಎತ್ತರದ ಕೆಳಕಕ್ಷೆಯ ಉಪಗ್ರಹಗಳಿಗೆ ವಿಳಂಬದ ದೋಷವಿಲ್ಲವಾದರೂ ಅವಕ್ಕೆ ತೆರೆದ ಆಕಾಶ ಬೇಕು. ನಾನು ಬಳಸದೆ ಇರುವುದರಿಂದ ಅವನ್ನು ತೂಕಕ್ಕೆ ಹಾಕಿಲ್ಲ.

ಈಗ ಫೈಬರ್. ಕೇಬಲ್ ಟಿವಿ ನಡೆಸುತ್ತಿದ್ದ ಸ್ಥಳೀಯರೊಬ್ಬರು ಮುಖ್ಯರಸ್ತೆಯವರೆಗೆ ಫೈಬರ್ ತಂದಿದ್ದರು. ಅಲ್ಲಿಂದ ನಮ್ಮ ಮನೆಗೆ ತೋಟದೊಳಗೆ 1,400 ಮೀಟರ್. ಕೇಬಲ್, ಕೂಲಿ ಎಲ್ಲ ಸೇರಿ 17,000 ರೂಪಾಯಿಯನ್ನು ನಾನೇ ಕೊಟ್ಟೆ. ತಿಂಗಳಿಗೆ 599 ರೂಪಾಯಿ, ಶೇ 18ರ ತೆರಿಗೆ ಸೇರಿದರೆ ಸುಮಾರು 707. ಅದಕ್ಕೆ 50 ಎಂಬಿಪಿಎಸ್ ಎಂದು ಹೇಳಿದ್ದರು, ರಾತ್ರಿ ಎಂಟಕ್ಕೂ 47 ಬರುತ್ತದೆ. ಏರಿಸುವ ವೇಗವೂ ಅಷ್ಟೇ ಇರುವುದು ಮಗಳಿಗೆ ಮುಖ್ಯವಾಗಿತ್ತು, ಏಕೆಂದರೆ ವಿಡಿಯೊ ಸಭೆಯಲ್ಲಿ ನಮ್ಮ ಮುಖ ಅವರಿಗೆ ಕಾಣುವುದು ಆ ವೇಗದಿಂದ.

ದೂರದ ಭಯ ತಾಮ್ರಕ್ಕೆ ಸರಿ, ಫೈಬರಿಗೆ ಸಲ್ಲದು. ಗಾಜಿನ ಎಳೆಯಲ್ಲಿ ಕಿಲೋಮೀಟರಿಗೆ ಆಗುವ ನಷ್ಟ ಅರ್ಧ ಡೆಸಿಬೆಲ್ ಕೂಡ ಇಲ್ಲ. ಬೆಳಕನ್ನು ಎಂಟು ಮನೆಗೆ ಹಂಚುವ ಒಂದು ಸ್ಪ್ಲಿಟರ್ ಮಾತ್ರ ಸುಮಾರು ಹತ್ತು ಡೆಸಿಬೆಲ್ ತಿನ್ನುತ್ತದೆ. ಆದ್ದರಿಂದ ಸಂಪರ್ಕ ಕೊಡಲು ಬಂದವರನ್ನು ಎಷ್ಟು ದೂರ ಎಂದು ಕೇಳುವುದಕ್ಕಿಂತ, ಪವರ್ ಮೀಟರ್ ಹಚ್ಚಿ ಎಷ್ಟು ಡಿಬಿಎಂ ಇದೆ ಎಂದು ತೋರಿಸಲು ಹೇಳಬೇಕು. ಮೈನಸ್ 27ರ ಆಸುಪಾಸು ಸಾಮಾನ್ಯವಾಗಿ ಮನೆಯಲ್ಲಿಡುವ ಫೈಬರ್ ಮೋಡೆಮ್ ಪೆಟ್ಟಿಗೆಯ ಮಿತಿ, ಸಂಕೇತ ಅದಕ್ಕಿಂತ ಕ್ಷೀಣಿಸಿದರೆ ನಂಬುವಂತಿಲ್ಲ. ನಮ್ಮದು ಮೊದಲ ದಿನ ಮೈನಸ್ 21 ಇತ್ತು. ತುಂಡಾಗಿ ಬೆಸೆದು, ಮತ್ತೆ ತುಂಡಾಗಿ ಬೆಸೆದು ಈಗ ಮೈನಸ್ 23ಕ್ಕೆ ಬಂದಿದೆ.

ತುಂಡಾಗುವುದೇ ಇದರ ಕಥೆ. ಮೊದಲ ಸಲ ತುಂಡರಿಸಿದವರು ನಮ್ಮದೇ ಆಳುಗಳು: ಮಳೆಗಾಲಕ್ಕೆ ಮುಂಚೆ ನೆರಳುಮರಗಳ ಕೊಂಬೆ ಕಡಿಯುವ ಮರಗಸಿಯಲ್ಲಿ ಕೊಂಬೆಯ ಜತೆಗೆ ಕೇಬಲ್ಲಿಗೂ ಕತ್ತಿ ಬಿತ್ತು. ಕಪ್ಪು ಕೇಬಲ್ ಎಲೆಗಳ ನಡುವೆ ಕಾಣುವುದಿಲ್ಲವಾದ್ದರಿಂದ ಅಲ್ಲಲ್ಲಿ ಹಳದಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿಸಿದ್ದೇನೆ. ಕಳೆದ ಮಳೆಗಾಲದಲ್ಲಿ ಜೂನಿನಿಂದ ಸೆಪ್ಟೆಂಬರ್ ಕೊನೆಯವರೆಗೆ, ಅಂದರೆ 122 ದಿನ, ಮಳೆಯ ಅಳತೆ ಬರೆಯುವ ಪುಸ್ತಕದಲ್ಲೇ ಸಂಪರ್ಕದ ಲೆಕ್ಕವನ್ನೂ ಬರೆದಿಟ್ಟೆ. ಫೈಬರ್ ಐದು ಸಲ ಕಡಿದು ಒಟ್ಟು ಒಂಬತ್ತು ದಿನ ಇರಲಿಲ್ಲ, ಅದರಲ್ಲಿ ನಾಲ್ಕು ದಿನ ಪುಷ್ಯ ಮಳೆಯಲ್ಲಿ ಸಾಲಾಗಿ. ಪೆಟ್ಟಿಗೆಯಲ್ಲಿ ಕೆಂಪು ದೀಪ ಕಂಡು ಫೋನ್ ಮಾಡಿದರೆ ಬರುತ್ತಿದ್ದ ಉತ್ತರ ಒಂದೇ: “ದೀಪದ ಫೋಟೋ ಕಳ್ಸಿ ಸಾರ್, ಮಳೆ ಹೊಳವಾದ್ ಕೂಡ್ಲೆ ಬರ್ತೀವಿ.” ನೆನೆದ ಎಳೆಯನ್ನು ಬೆಸೆಯುವ ಯಂತ್ರವನ್ನು ಆ ಮಳೆಯಲ್ಲಿ ತೆರೆಯಲಾಗದು ಎಂಬುದು ನನಗೂ ಗೊತ್ತಿದ್ದರಿಂದ ಜಗಳವಾಡಲಿಲ್ಲ.

ಅದೇ ಪುಸ್ತಕದ ಪ್ರಕಾರ 4ಜಿ ಟವರ್ ಆರು ದಿನ ಪೂರ್ತಿ ಸತ್ತಿತ್ತು. ಕರೆಂಟ್ ಎರಡು ದಿನಕ್ಕಿಂತ ಹೆಚ್ಚು ಹೋದಾಗ ಟವರಿನ ಬ್ಯಾಟರಿ ಇಳಿದು, ದಾರಿಗೆ ಮರ ಬಿದ್ದು ಡೀಸೆಲ್ ಮೇಲೇರದಿದ್ದದ್ದು ಅದಕ್ಕೆ ಕಾರಣ. ಗಮನಿಸಬೇಕಾದದ್ದೇನೆಂದರೆ, ಎರಡೂ ಒಟ್ಟಿಗೆ ಇಲ್ಲದ ದಿನಗಳು ಎರಡೇ. ಒಂದು ಕೊಂಬೆಯಿಂದ ಸಾಯುತ್ತದೆ, ಇನ್ನೊಂದು ಡೀಸೆಲ್ ಇಲ್ಲದೆ ಸಾಯುತ್ತದೆ. ಟವರಿಗೂ ಅದೇ ಕಂಬಗಳ ಮೇಲಿನ ಫೈಬರ್ ಹೋಗಿದ್ದರೆ ಈ ಲಾಭ ಸಿಗುತ್ತಿರಲಿಲ್ಲ. ನಮ್ಮ ಟವರಿನ ಮೇಲೆ ದೂರದಿಂದಲೇ ಕಾಣುವ ಡೋಲಿನಂಥ ಮೈಕ್ರೋವೇವ್ ಆಂಟೆನಾ ಇದೆ, ಅದು ನಿಸ್ತಂತುವಾಗಿ ಬೇರೆ ಟವರಿಗೆ ಸೇರುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ಫೈಬರ್ ಮುಖ್ಯ ಸಂಪರ್ಕ. 4ಜಿ ರೂಟರಿನ ಸಿಮ್ಮಿಗೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಡೇಟಾ ಹಾಕಿಸುತ್ತೇನೆ, ಉಳಿದ ತಿಂಗಳು ಸಂಖ್ಯೆ ಉಳಿಯುವಷ್ಟು ಕನಿಷ್ಠ ರೀಚಾರ್ಜ್ ಸಾಕು. ಫೈಬರಿನ ಪೆಟ್ಟಿಗೆ 12 ವೋಲ್ಟಿನದಾದ್ದರಿಂದ ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಅದನ್ನು ಮೂರ್ನಾಲ್ಕು ಗಂಟೆ ನಡೆಸುತ್ತದೆ.

ಹೊಳೆಯಾಚೆಯ ಮನೆಯವರು ಮೊನ್ನೆ ಕೇಳಿದಾಗ ಇದನ್ನೇ ಮಾಡಿ ಎಂದು ಹೇಳಲಿಲ್ಲ. ಅವರ ಕಣದಲ್ಲಿ ನಿಂತರೆ ಟವರ್ ನೇರವಾಗಿ ಕಾಣುತ್ತದೆ, ಮೈನಸ್ 86 ಬರುತ್ತದೆ. ಫೈಬರ್ ಎಳೆಯಬೇಕಾದರೆ ಆನೆ ಓಡಾಡುವ ಕಾಡಂಚಿನಲ್ಲೇ ಎರಡು ಕಿಲೋಮೀಟರ್ ಬರಬೇಕು. ಅವರು ಹೊರಗಿಡುವ 4ಜಿ ರೂಟರನ್ನೇ ತರಿಸಿದ್ದಾರೆ, ಗುಡುಗಿನ ದಿನ ಅದನ್ನು ಕಳಚಿಡಬೇಕೆಂದು ಮಾತ್ರ ಎರಡು ಸಲ ಹೇಳಿ ಬಂದಿದ್ದೇನೆ.