ಬಲೆ, ಬೆಲ್ಟ್, ರಬ್ಬರ್ ಹಗ್ಗ: ಪುಟ್ಟ ವಿಮಾನದಲ್ಲಿ ಸಾಮಾನು ಕಟ್ಟಿ ನೋಡಿದ್ದು

ಮೊದಲು ನೀರಿನ ಬಾಟಲಿಯ ವಿಷಯ ಹೇಳಿಬಿಡುತ್ತೇನೆ. ಬಾರಾಮತಿಯ ರನ್‌ವೇ ಮೇಲೆ ನಾಲ್ಕು ಸೀಟಿನ ಪುಟ್ಟ ವಿಮಾನ ಸೆಸ್ನಾ 172 ಇಳಿಸಿ ಬ್ರೇಕ್ ಹಿಡಿದಿದ್ದೆ. ವಿಮಾನ ಸ್ವಲ್ಪ ಎಡಕ್ಕೆ ಎಳೆಯಿತು. ಸರಿಪಡಿಸಲು ಬಲಗಾಲಿನ ಪೆಡಲ್ ಒತ್ತಿದರೆ ಅದು ಅರ್ಧದಲ್ಲೇ ನಿಂತಿತು. ಇನ್ನಷ್ಟು ಒತ್ತಿದಾಗ ಪಕ್ಕದ ಖಾಲಿ ಸೀಟಿನ ಮುಂದಿನಿಂದ ಲೋಹಕ್ಕೆ ಲೋಹ ತಾಗಿದ ಮೊಂಡು ಸದ್ದು ಬಂತು. ಪೆಡಲಿನ ಮೇಲ್ತುದಿಯನ್ನು ಒತ್ತಿ, ಬಲಚಕ್ರದ ಬ್ರೇಕಿನಿಂದಲೇ ವಿಮಾನವನ್ನು ನೇರ ಮಾಡಿ ನಿಲ್ಲಿಸಿದೆ. ಬಗ್ಗಿ ನೋಡಿದರೆ, ಹಿಂದಿನ ಸೀಟಿನ ಮೇಲೆ ನಾನೇ ಇಟ್ಟಿದ್ದ ಒಂದು ಲೀಟರಿನ ಸ್ಟೀಲ್ ಬಾಟಲಿ! ಮೂತಿ ಕೆಳಗೆ ಮಾಡಿ ಇಳಿಯುವಾಗ ಸೀಟಿನಿಂದ ಜಾರಿ, ಮುಂದಿನ ಸೀಟಿನ ಅಡಿಯಿಂದ ಉರುಳಿ ಹೋಗಿ, ಬಲಬದಿಯ ಪೆಡಲಿನ ಆಚೆ ಅಡ್ಡಲಾಗಿ ಕೂತಿತ್ತು. ಎರಡೂ ಬದಿಯ ಪೆಡಲುಗಳು ಒಳಗೆ ಒಂದಕ್ಕೊಂದು ಜೋಡಣೆಯಾಗಿರುತ್ತವೆ. ಆ ಬದಿಯಲ್ಲಿ ಸಿಕ್ಕಿಕೊಂಡದ್ದು ಈ ಬದಿಯಲ್ಲೂ ಸಿಕ್ಕಿಕೊಂಡಂತೆಯೇ.

ಈ ವಿಮಾನದಲ್ಲಿ ಪೆಡಲು ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಚುಕ್ಕಾಣಿಯಾದ ರಡ್ಡರಿನ ಜೊತೆಗೆ ಮೂತಿಯ ಚಕ್ರವನ್ನೂ ಎರಡೂ ಕಡೆ ಸುಮಾರು 10 ಡಿಗ್ರಿ ತಿರುಗಿಸುತ್ತದೆ. ಅದು ಕೈಕೊಟ್ಟರೆ ನೆಲದ ಮೇಲೆ ಬ್ರೇಕ್ ಉಳಿಯುತ್ತದೆ. ಅಡ್ಡಗಾಳಿ ಬೀಸುತ್ತಿರುವಾಗ, ನೆಲ ಇನ್ನೂ ಇಪ್ಪತ್ತು ಅಡಿ ಕೆಳಗಿರುವಾಗ ಹೀಗಾದರೆ ಬ್ರೇಕೂ ಇಲ್ಲ.

ನಮ್ಮ ಹ್ಯಾಂಗರಿನ ಎಂಜಿನಿಯರ್ ಬೆಳಗಾವಿಯವರು, ನಾನು ಧಾರವಾಡದವಳು. ನಮ್ಮಿಬ್ಬರ ನಡುವೆ ಕನ್ನಡವೇ ನಡೆಯುತ್ತದೆ. ಬಾಟಲಿಯ ಹೊಟ್ಟೆಯಲ್ಲಿ ಬಿದ್ದಿದ್ದ ತಗ್ಗಿನ ಮೇಲೆ ಅವರು ಹೆಬ್ಬೆರಳು ಆಡಿಸಿ, “ತಂಗೀ, ಹಾರುವ ಮೊದಲು ನಿಯಂತ್ರಣಗಳನ್ನು ಪರೀಕ್ಷಿಸಿದ್ದೆಯಾ?” ಎಂದು ಕೇಳಿದರು.

“ಮಾಡಿದ್ದೆ ಕಾಕಾ. ಯೋಕು, ಪೆಡಲು ಎರಡೂ ಕೊನೆಯವರೆಗೆ ಸಲೀಸಾಗಿ ಹೋಗಿದ್ದವು.”

“ಆಗ ಬಾಟಲಿ ಹಿಂದಿತ್ತು.”

ಆ ಮಾತು ತಲೆಯಲ್ಲಿ ಉಳಿಯಿತು. ಹಾರುವ ಮುನ್ನ ಯೋಕನ್ನು, ಅಂದರೆ ಪೈಲಟ್ ಕೈಯಲ್ಲಿ ಹಿಡಿಯುವ ಸ್ಟೀರಿಂಗನ್ನು, ಹಿಂದೆ, ಮುಂದೆ, ಎಡ, ಬಲ ಪೂರ್ತಿ ಆಡಿಸಿ ನೋಡುವ ಪರೀಕ್ಷೆ ಆ ಗಳಿಗೆಗೆ ಮಾತ್ರ ಸಾಕ್ಷಿ. ಆಮೇಲೆ ಜಾಗ ಬಿಟ್ಟು ಹೊರಡುವ ವಸ್ತುವಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹಾಗಾಗಿ ಮುಂದಿನ ಎರಡು ತಿಂಗಳು ಸಾಮಾನು ಕಟ್ಟುವ ನಾಲ್ಕೈದು ಬಗೆಗಳನ್ನು ಒಂದೊಂದಾಗಿ ಪ್ರಯೋಗಿಸಿ ನೋಡಿದೆ.

ಪರೀಕ್ಷೆಯ ವಿಧಾನ ಸರಳವಾಗಿತ್ತು. ಹತ್ತು ಕಿಲೋ ಜೋಳ ತುಂಬಿದ ಕ್ಯಾನ್ವಾಸ್ ಚೀಲವೊಂದು, ಉಪಕರಣಗಳ ಕಬ್ಬಿಣದ ಪೆಟ್ಟಿಗೆಯೊಂದು. ಮೊದಲ ಸುತ್ತು ನನ್ನ ಕಾರಿನ ಹಿಂಭಾಗದಲ್ಲಿ. ನಾನು ಇರುವುದು ಪುಣೆಯಲ್ಲಿ, ವಾರಕ್ಕೊಮ್ಮೆ ಸಾಸವಡ, ಜೇಜುರಿ, ಮೋರಗಾಂವ್ ಮಾರ್ಗವಾಗಿ ಬಾರಾಮತಿಗೆ ಹೋಗುತ್ತೇನೆ. ದಿವೆ ಘಾಟಿನ ತಿರುವುಗಳು ಯಾವ ಕಟ್ಟು ಸಡಿಲ ಎಂಬುದನ್ನು ಹೊರಟ ಅರ್ಧ ಗಂಟೆಯಲ್ಲೇ ತೋರಿಸಿಕೊಡುತ್ತವೆ. ಅಲ್ಲಿ ಗೆದ್ದದ್ದನ್ನು ಹ್ಯಾಂಗರಿನಲ್ಲಿ ನಿಂತ ವಿಮಾನದೊಳಗೆ ಕಟ್ಟಿ, ನಾನು ಮತ್ತು ಕಾಕಾ ಮುಂದಕ್ಕೂ ಮೇಲಕ್ಕೂ ಜಗ್ಗಿ ನೋಡಿದೆವು. ಅಲ್ಲೂ ಉಳಿದದ್ದು ಮಾತ್ರ ಹಾರಾಟಕ್ಕೆ ಬಂತು.

ಬೈಕಿನ ಸೀಟಿನ ಮೇಲೆ ಸಾಮಾನು ಬಿಗಿಯುವ, ಎರಡು ತುದಿಗೆ ಕೊಕ್ಕೆ ಇರುವ ರಬ್ಬರ್ ಹಗ್ಗ ಎಲ್ಲರ ಮನೆಯಲ್ಲೂ ಇದೆ. ವಿಮಾನಗಳಲ್ಲೂ ಅದನ್ನು ಬಳಸುವವರನ್ನು ನೋಡಿದ್ದೇನೆ, ನಾನೂ ಬಳಸಿದ್ದೇನೆ. ಈಗ ಬಳಸುವುದಿಲ್ಲ, ಇನ್ನೊಬ್ಬರು ಬಳಸುವುದನ್ನು ಕಂಡರೆ ತಡೆಯುತ್ತೇನೆ. ದಿವೆ ಘಾಟಿನಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಜೋಳದ ಚೀಲ ಒಂದು ಗೇಣು ಮುಂದೆ ಬಂದು, ಮತ್ತೆ ಹಿಂದಕ್ಕೆ ಚಿಮ್ಮುತ್ತಿತ್ತು. ರಬ್ಬರಿನ ಗುಣವೇ ಅದು. ಎಳೆತ ಬಂದಾಗ ಹಿಗ್ಗಿ ಸಾಮಾನನ್ನು ಬಿಟ್ಟುಕೊಡುತ್ತದೆ, ಆಮೇಲೆ ಸೇಡು ತೀರಿಸಿಕೊಂಡಂತೆ ವಾಪಸ್ ಎಸೆಯುತ್ತದೆ. ಹ್ಯಾಂಗರಿನಲ್ಲಿ ಮೇಲಕ್ಕೆ ಜಗ್ಗಿದಾಗ ಹಿಗ್ಗಿದ ಹಗ್ಗದ ಕೊಕ್ಕೆ ವಿಮಾನದ ನೆಲದ ಉಂಗುರದಿಂದ ಕಳಚಿ, ಕಾಕಾ ಅವರ ಕಿವಿಯ ಪಕ್ಕದಲ್ಲೇ ಸುಯ್ಯನೆ ಹಾದುಹೋಯಿತು. ಅದರ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದೆವು.

ಪುಟ್ಟ ವಿಮಾನದಲ್ಲಿ ಎಳೆತ ಎಷ್ಟು ಬಲವಾಗಿರಬಹುದು ಎಂಬುದನ್ನು ಇಲ್ಲೇ ಹೇಳಬೇಕು. ಸಾಮಾನ್ಯ ವರ್ಗದಲ್ಲಿ, ಅಂದರೆ ಕಸರತ್ತಿಲ್ಲದ ಮಾಮೂಲಿ ಹಾರಾಟದಲ್ಲಿ, 172 ತಾಳಬೇಕಾದ ಎಳೆತದ ಮಿತಿ, ಕೆಳಮುಖವಾಗಿ ಗುರುತ್ವದ 3.8 ಪಟ್ಟು, ಮೇಲ್ಮುಖವಾಗಿ 1.52 ಪಟ್ಟು. ಮೇಲ್ಮುಖ ಎಂದರೆ ಸಾಮಾನು ಚಾವಣಿಯ ಕಡೆಗೆ ಏಳುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಬಾರಾಮತಿಯಿಂದ ಕೊಲ್ಹಾಪುರದ ಕಡೆ ಹಾರಿದವರಿಗೆ ಇದು ಗೊತ್ತು. ಒಣ ಹೊಲಗಳಿಂದ ಏಳುವ ಬಿಸಿಗಾಳಿಗೆ ಸಿಕ್ಕು ಮಡಿಲಿನಲ್ಲಿದ್ದ ಪೆನ್ನು ಕಣ್ಣೆದುರಿಗೆ ತೇಲಿ, ಇನ್ನೆಲ್ಲೋ ಬೀಳುತ್ತದೆ. ಅಪಘಾತದ ಇಳಿತಕ್ಕೆ ಬಂದರೆ ಲೆಕ್ಕವೇ ಬೇರೆ. ಅಮೆರಿಕದ ಸಣ್ಣ ವಿಮಾನಗಳ ವಿನ್ಯಾಸ ನಿಯಮಗಳು ಪ್ರಯಾಣಿಕರ ಹಿಂದಿನ ಸಾಮಾನಿಗೆ ಮುಂದಕ್ಕೆ 9 ಪಟ್ಟು ಎಳೆತವನ್ನು ಲೆಕ್ಕಕ್ಕೆ ಹಿಡಿದಿದ್ದವು. ನನ್ನ ಹತ್ತು ಕಿಲೋ ಜೋಳ ಆ ಗಳಿಗೆಯಲ್ಲಿ ತೊಂಬತ್ತು ಕಿಲೋದ ಆಳಿನಂತೆ ನನ್ನ ಬೆನ್ನಿಗೆ ಬೀಳುತ್ತದೆ. ಇಂಥದ್ದಕ್ಕೆ ಬೈಕಿನ ರಬ್ಬರ್ ಹಗ್ಗ ಯಾವ ಲೆಕ್ಕ?

ಹಾಗಾದರೆ ಲಾರಿಯವರು ಬಳಸುವ ರ‍್ಯಾಚೆಟ್ ಪಟ್ಟಿಯೇ ಸರಿ ಅನಿಸಿತು. ಪುಣೆಯ ರವಿವಾರ ಪೇಠೆಯ ಬೋಹ್ರಿ ಆಳಿಯಲ್ಲಿ ಎರಡು ಪಟ್ಟಿ ತಂದೆ. ಘಾಟಿನಲ್ಲಿ ಚೀಲ ಕೂದಲೆಳೆಯಷ್ಟೂ ಕದಲಲಿಲ್ಲ. ಸಂತೋಷದಿಂದ ಹ್ಯಾಂಗರಿಗೆ ಒಯ್ದೆ. ಕಾಕಾ ಪಟ್ಟಿಯನ್ನು ನೋಡಲೇ ಇಲ್ಲ, ನೆಲದ ಉಂಗುರವನ್ನು ತೋರಿಸಿದರು. ಎರಡು ಬೆರಳು ತೂರುವಷ್ಟು ಚಿಕ್ಕ ಉಂಗುರ, ಅದು ನಿಂತಿರುವುದು ತೆಳು ಅಲ್ಯೂಮಿನಿಯಂ ನೆಲದಲ್ಲಿ. ರ‍್ಯಾಚೆಟ್ಟಿನ ಹಿಡಿಯನ್ನು ನಾಲ್ಕು ಸಲ ಮೀಟಿದರೆ ನನ್ನಂಥವಳ ಕೈಗೂ ಆ ಉಂಗುರದ ಬುಡವನ್ನು ಎತ್ತುವಷ್ಟು ಬಲ ಬರುತ್ತದೆ. ಪಟ್ಟಿ ಹರಿಯುವುದಿಲ್ಲ ನಿಜ, ವಿಮಾನದ ನೆಲ ಎದ್ದು ಬರುತ್ತದೆ. ಇನ್ನೊಂದು ತೊಂದರೆ ನನಗೇ ಆಮೇಲೆ ಹೊಳೆಯಿತು. ಸಾಮಾನು ಇಲ್ಲದ ದಿನ ಆ ಕಬ್ಬಿಣದ ರ‍್ಯಾಚೆಟ್ ತಾನೇ ಒಂದು ಬಿಡಿ ಸಾಮಾನು, ಅದೂ ಪೆಡಲಿನ ಸಂದಿಗೆ ಸರಿಯಾಗಿ ಹೊಂದುವ ಗಾತ್ರದ್ದು.

ಅದರ ತಮ್ಮನಂತಿರುವ, ಒತ್ತು ಬಕಲಿನ ಪಟ್ಟಿ ನನಗೆ ಹಿಡಿಸಿತು. ಪಟ್ಟಿಯನ್ನು ಬಕಲಿನೊಳಗೆ ತೂರಿಸಿ ಕೈಯಿಂದ ಜಗ್ಗಿದರೆ ಹಲ್ಲುಗಳು ಕಚ್ಚಿ ಹಿಡಿಯುತ್ತವೆ. ಕೈ ಎಷ್ಟು ಜಗ್ಗುತ್ತದೋ ಅಷ್ಟೇ ಬಿಗಿ, ಅದಕ್ಕಿಂತ ಹೆಚ್ಚಿಲ್ಲ. ಉಪಕರಣಗಳ ಪೆಟ್ಟಿಗೆ ಮತ್ತು ವಿಮಾನವನ್ನು ಎಳೆಯುವ ಟೋ ಬಾರ್, ಇವೆರಡಕ್ಕೂ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಪಟ್ಟಿ ಹೋಗುವ ದಿಕ್ಕನ್ನು ಕಲಿಯಬೇಕಾಯಿತು. ಮೊದಲ ಸಲ ಪೆಟ್ಟಿಗೆಯ ನೆತ್ತಿಯ ಮೇಲೆ ನೇರ ಅಡ್ಡಡ್ಡ ಕಟ್ಟಿದೆ. ಮೇಲಕ್ಕೆ ಅಲುಗಲಿಲ್ಲ, ಮುಂದಕ್ಕೆ ಮಾತ್ರ ಸುಲಭವಾಗಿ ಜಾರಿತು. ಮುಂದಿನ ಜಾರುವಿಕೆಯನ್ನು ತಡೆಯಬೇಕಾದರೆ ಪಟ್ಟಿ ಪೆಟ್ಟಿಗೆಯಿಂದ ಹಿಂದಕ್ಕೆ ಓರೆಯಾಗಿ ಇಳಿಯಬೇಕು. 45 ಡಿಗ್ರಿ ಓರೆಯಾದರೆ ಪಟ್ಟಿಯ ಬಲದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಆ ಕೆಲಸಕ್ಕೆ ಸಿಗುತ್ತದೆ.

ದೊಡ್ಡ ವಿಮಾನಗಳನ್ನೂ ಈ ಸಂಕಟ ಬಿಟ್ಟಿಲ್ಲ. 2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಗ್ರಾಮ್‌ನಿಂದ ಮೇಲೇರಿದ ಬೋಯಿಂಗ್ 747 ಸರಕು ವಿಮಾನದಲ್ಲಿ ಐದು ಸೇನಾ ವಾಹನಗಳಿದ್ದವು. ಒಂದು ವಾಹನ ಕಟ್ಟು ಹರಿದುಕೊಂಡು ಹಿಂದಕ್ಕೆ ನುಗ್ಗಿ, ಬಾಲದ ಸಮತಲ ರೆಕ್ಕೆಯನ್ನು ತಿರುಗಿಸುವ ಭಾಗವನ್ನೇ ಜಜ್ಜಿತು. ಪೈಲಟ್‌ಗಳಿಗೆ ಮೂತಿ ಇಳಿಸಲು ದಾರಿಯೇ ಉಳಿಯಲಿಲ್ಲ, ವಿಮಾನದಲ್ಲಿದ್ದ ಏಳು ಜನರೂ ಹೋದರು. 172ರ ಸಾಮಾನು ವಿಭಾಗದ ಹಿಂಗೋಡೆಯ ಆಚೆಗೂ ಮೂತಿ ಏರಿಸಿ ಇಳಿಸುವ ಎಲಿವೇಟರ್ ಮತ್ತು ರಡ್ಡರಿನ ಉಕ್ಕಿನ ತಂತಿಗಳು ಬಾಲದವರೆಗೆ ಸಾಗುತ್ತವೆ. ಆ ಗೋಡೆಯ ಹೊದಿಕೆಯ ಒಂದು ಸ್ಕ್ರೂ ಸಡಿಲವಿದ್ದರೂ ನಾನು ಈಗ ಹೊರಡುವ ಮೊದಲೇ ಕಾಕಾ ಅವರನ್ನು ಕರೆಯುತ್ತೇನೆ.

ಇನ್ನು ವಿಮಾನದ ಜೊತೆಗೇ ಬರುವ ಬಲೆ. ಆರು ಪಟ್ಟಿಗಳ ಈ ಬಲೆಯನ್ನು ಆರು ಉಂಗುರಗಳಿಗೆ ಕಟ್ಟಬೇಕು. ಬಹಳ ಕಡೆ ಅದು ಸುರುಳಿ ಸುತ್ತಿಕೊಂಡು ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ, ಏಕೆಂದರೆ ಕಟ್ಟಲು ಪುರುಸೊತ್ತು ಬೇಕು. ಮೊದಲ ದಿನ ನನಗೆ ಹತ್ತು ನಿಮಿಷ ಹಿಡಿಯಿತು, ರೂಢಿಯಾದ ಮೇಲೆ ಮೂರು. ಬಟ್ಟೆ ಚೀಲ, ಬೆನ್ನುಚೀಲ, ವಿಮಾನದ ಹೊದಿಕೆ ಮುಂತಾದ ಮೆತ್ತನೆಯ ಸಾಮಾನಿಗೆ ಬಲೆಯೇ ಮೊದಲು, ಉಳಿದದ್ದೆಲ್ಲ ಆಮೇಲೆ. ಚೀಲದ ಹೊಟ್ಟೆಯೊಳಕ್ಕೆ ಅಂಗೈ ಅಗಲಕ್ಕೆ ಇಳಿದು ಎಲ್ಲ ಕಡೆಯಿಂದಲೂ ಹಿಡಿಯುತ್ತದೆ. ಕೊಲ್ಹಾಪುರದ ದಾರಿಯಲ್ಲಿ ಅರ್ಧ ಗಂಟೆ ಕುಲುಕಾಡಿ ಇಳಿದ ಮೇಲೆ ನೋಡಿದರೆ ಚೀಲ ಎರಡು ಬೆರಳು ಸರಿದಿತ್ತು, ಅಷ್ಟೇ. ಆದರೆ ಬಲೆಯ ಕಣ್ಣು ದೊಡ್ಡದು. ಟಾರ್ಚು, ಇಂಧನದಲ್ಲಿ ನೀರಿದೆಯೇ ಎಂದು ನೋಡುವ ಕಪ್ಪು, ಟೈರಿನ ಗಾಳಿ ಅಳೆಯುವ ಗೇಜು, ಎಲ್ಲವೂ ಅದರಿಂದ ನುಸುಳುತ್ತವೆ. ಮೊದಲು ಅವನ್ನು ಜಿಪ್ ಚೀಲಕ್ಕೆ ಹಾಕಿ, ಆ ಚೀಲವನ್ನು ಬಲೆಯ ಕೆಳಗೆ ಇಡಬೇಕು. ತೂಕವನ್ನೂ ಮರೆಯುವಂತಿಲ್ಲ. 172ರಲ್ಲಿ ಹಿಂದಿನ ಸಾಮಾನಿಗೆ ಒಟ್ಟು 120 ಪೌಂಡು, ಅಂದರೆ ಸುಮಾರು 54 ಕಿಲೋ ಮಿತಿ. ಬಲೆ ಎಷ್ಟೇ ಗಟ್ಟಿಯಿದ್ದರೂ ಆ ಮಿತಿ ಏರುವುದಿಲ್ಲ.

ಹಿಂದಿನ ಸೀಟು ಖಾಲಿಯಿದ್ದರೆ ಅಲ್ಲಿನ ಸೀಟ್ ಬೆಲ್ಟು ನನಗೆ ಅಚ್ಚರಿ ತಂದಿತು. ಚೀಲದ ಎರಡೂ ಹಿಡಿಕೆಗಳೊಳಗಿಂದ ಬೆಲ್ಟನ್ನು ತೂರಿಸಿ ಬಿಗಿದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆ ಬೆಲ್ಟು ಮನುಷ್ಯನನ್ನೇ ಹಿಡಿಯಲು ಮಾಡಿದ್ದು, ಅದರ ಬುಡ ನೆಲದ ಉಂಗುರಕ್ಕಿಂತ ಗಟ್ಟಿ. ಹಿಡಿಕೆಯಿಲ್ಲದ ಡಬ್ಬಕ್ಕೆ ಮಾತ್ರ ಇದು ನಡೆಯುವುದಿಲ್ಲ, ಕೆಳಗಿನಿಂದ ನುಣುಚಿಕೊಳ್ಳುತ್ತದೆ. ಬೆಲ್ಟಿನ ಬಗ್ಗೆ ಇನ್ನೊಂದು ಪಾಠ ಪುಣೆಯ ಹಡಪ್ಸರ್ ಗ್ಲೈಡಿಂಗ್ ಕೇಂದ್ರದಲ್ಲಿ ಸಿಕ್ಕಿತ್ತು. ಒಬ್ಬರ ಹಿಂದೆ ಒಬ್ಬರು ಕೂರುವ ಗ್ಲೈಡರಿನಲ್ಲಿ ಒಬ್ಬರೇ ಹಾರುವಾಗ ಹಿಂದಿನ ಖಾಲಿ ಸೀಟಿನ ಬೆಲ್ಟುಗಳನ್ನು ಹಾಕಿ ಬಿಗಿದೇ ಹೊರಡಬೇಕು. ಸಡಿಲ ಬಿಟ್ಟರೆ ಅವು ಹಿಂದಿನ ನಿಯಂತ್ರಣ ಕೋಲಿಗೆ ಸುತ್ತಿಕೊಳ್ಳಬಹುದು. ಅದು ಈಗ 172ರಲ್ಲೂ ನನ್ನ ಅಭ್ಯಾಸ.

ಇಷ್ಟೆಲ್ಲ ಹಿಂದಿನ ಸಾಮಾನಿನ ಮಾತಾಯಿತು. ನನ್ನನ್ನು ಹೆಚ್ಚು ಕಾಡಿದ್ದು ಮುಂದಿನ ಸೀಟಿನ ಸುತ್ತಲಿನ ಚಿಕ್ಕ ವಸ್ತುಗಳು, ಏಕೆಂದರೆ ಯೋಕಿಗೂ ಪೆಡಲಿಗೂ ಹತ್ತಿರ ಇರುವವು ಅವೇ. 2014ರ ಫೆಬ್ರವರಿ 9ರಂದು ಬ್ರಿಟನ್ನಿನ ವಾಯುಪಡೆಯ ವಾಯೇಜರ್ ಎಂಬ ದೊಡ್ಡ ಸಾಗಣೆ ವಿಮಾನದಲ್ಲಿ ಕ್ಯಾಪ್ಟನ್ನಿನ ಕ್ಯಾಮೆರಾ ಅವರ ಕೈಯೊರಗಿಗೂ ನಿಯಂತ್ರಣ ಕೋಲಿಗೂ ನಡುವೆ ಇತ್ತು. ಸೀಟನ್ನು ಮುಂದಕ್ಕೆ ಸರಿಸಿದಾಗ ಕ್ಯಾಮೆರಾ ಕೋಲನ್ನು ಮುಂದಕ್ಕೆ ನೂಕಿ ಅಲ್ಲೇ ಸಿಕ್ಕಿಕೊಂಡಿತು. 27 ಸೆಕೆಂಡುಗಳಲ್ಲಿ ವಿಮಾನ 4,400 ಅಡಿ ಕೆಳಗಿಳಿಯಿತು. ಅಷ್ಟು ದೊಡ್ಡ ವಿಮಾನಕ್ಕೆ ಒಂದು ಕ್ಯಾಮೆರಾ ಸಾಕಾಯಿತು.

ಟ್ಯಾಬ್ಲೆಟ್ ಇಡಲು ಮೂರು ಬಗೆ ನೋಡಿದೆ. ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲು ಏಪ್ರಿಲಿನ ಬಿಸಿಲಲ್ಲಿ ನಿಂತ ವಿಮಾನದಲ್ಲಿ ಒಂದೇ ಗಂಟೆಗೆ ಕಳಚಿ ಬಿತ್ತು. ಅದನ್ನು ಕೈಬಿಟ್ಟೆ. ಯೋಕಿಗೆ ಕಚ್ಚುವ ಹಿಡಿಕೆ ಗಟ್ಟಿಯಾಗಿದೆ, ಆದರೆ ಚಾರ್ಜಿನ ತಂತಿ ಯೋಕಿನ ಜೊತೆ ತಿರುಗುತ್ತ ಅದರ ಕಂಬಕ್ಕೆ ಸುತ್ತಿಕೊಂಡಿತು. ತೊಡೆಗೆ ಪಟ್ಟಿಯಿಂದ ಕಟ್ಟುವ ಹಲಗೆ ಮೂರರಲ್ಲಿ ಒಳ್ಳೆಯದು. ನಾನು ಕುಳ್ಳಗಿರುವುದರಿಂದ ಸೀಟನ್ನು ಬಹಳ ಮುಂದೆ ಎಳೆದುಕೊಳ್ಳುತ್ತೇನೆ. ದಪ್ಪ ಕವಚವಿದ್ದ ಟ್ಯಾಬ್ಲೆಟ್ಟು ಯೋಕನ್ನು ಪೂರ್ತಿ ಹಿಂದಕ್ಕೆ ಎಳೆದು ಎಡಕ್ಕೆ ತಿರುಗಿಸಿದಾಗ ತಡೆಯುತ್ತಿತ್ತು. ಕವಚ ತೆಗೆದು, ಹಲಗೆಯನ್ನು ಮೊಣಕಾಲಿನ ಕಡೆಯಿಂದ ಒಂದಿಷ್ಟು ಹೊರಕ್ಕೆ ಸರಿಸಿದ ಮೇಲೆ ಸರಿಹೋಯಿತು. ಇದನ್ನು ಬೆಲ್ಟು ಹಾಕಿಕೊಂಡು, ಕಾಲು ಪೆಡಲಿನ ಮೇಲಿಟ್ಟು, ಹಲಗೆ ಕಟ್ಟಿಕೊಂಡೇ ಪರೀಕ್ಷಿಸಬೇಕು. ಆಮೇಲೆ ಕಟ್ಟಿಕೊಂಡರೆ ಪರೀಕ್ಷೆ ಮಾಡಿಯೂ ಮಾಡದಂತೆ. ಮೊಬೈಲ್, ಪೆನ್ನು, ಕನ್ನಡಕದ ಡಬ್ಬಿ ಎಲ್ಲವೂ ಜಿಪ್ ಇರುವ ಜೇಬಿನಲ್ಲಿ. ಮಡಿಲಿನಲ್ಲಿ ಚೀಲ ಇಟ್ಟುಕೊಳ್ಳುತ್ತೇನೆ ಎನ್ನುವ ಪ್ರಯಾಣಿಕರನ್ನು, ಎಷ್ಟೇ ಹತ್ತಿರದವರಾದರೂ, ಮುಂದಿನ ಸೀಟಿನಲ್ಲಿ ಕೂರಿಸುವುದಿಲ್ಲ.

ಸ್ಟೀಲ್ ಬಾಟಲಿ ಈಗ ಕಾರಿನಲ್ಲೇ ಉಳಿಯುತ್ತದೆ. ವಿಮಾನಕ್ಕೆ ಒಯ್ಯುವುದು ಮೆತ್ತನೆಯ ನೀರಿನ ಪೊಟ್ಟಣ, ಬಾಗಿಲ ಪಕ್ಕದ ಜೇಬಿನಲ್ಲಿ. ಹೊರಡುವ ಮೊದಲು ಮುಂದಿನ ಸೀಟುಗಳ ಅಡಿಗೆ ಟಾರ್ಚು ಬಿಟ್ಟು ನೋಡುತ್ತೇನೆ. ಕಳೆದ ವಾರ ಅಲ್ಲಿ ನನ್ನದಲ್ಲದ ಒಂದು ಪೆನ್ನಿನ ಮುಚ್ಚಳ ಸಿಕ್ಕಿತು.