ವಾಟ್ ನೋಡಿ ಬೇಸ್ ಕ್ಯಾಬಿನ ಸ್ಪೀಕರ್ ಬದಲಾಯಿಸಿ ಕೆಟ್ಟೆ

ಬೇಸ್ ಗಿಟಾರ್ ಕ್ಯಾಬಿನೆಟ್‌ಗೆ ಹೊಸ ಸ್ಪೀಕರ್ ಹಾಕುವ ಯೋಚನೆ ಇದೆಯಾ? ದುಡ್ಡು ಕೊಡುವ ಮೊದಲು ನನ್ನ ಕಥೆ ಕೇಳಿ.

ನನ್ನದು ಎರಡು ಹತ್ತಿಂಚಿನ ಸ್ಪೀಕರ್ ಇರುವ ಕ್ಯಾಬ್. ದಪ್ಪ ತಂತಿ ಮೀಟಿದಾಗಲೆಲ್ಲ ಎಲ್ಲೋ ಜಿರ್ರ್ ಅನ್ನುತ್ತಿತ್ತು. ಸ್ಪೀಕರ್ ಹೋಗಿದೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಹೇಗೂ ಹಾಕಿಸುವುದು, ದೊಡ್ಡದೇ ಇರಲಿ ಅಂತ 150 ವಾಟಿನವುಗಳ ಜಾಗಕ್ಕೆ 300 ವಾಟಿನವು ತರಿಸಿದೆ. ವಾಟ್ ಎರಡರಷ್ಟಾದರೆ ಸದ್ದೂ ಎರಡರಷ್ಟು, ಇಷ್ಟೇ ನನ್ನ ಲೆಕ್ಕ.

ಜೋಡಿಸಿ ನುಡಿಸಿದರೆ ಬೇಸೇ ಇಲ್ಲ! ಒಂದು ಸ್ಪೀಕರಿಗೆ ಪ್ಲಸ್ ಮೈನಸ್ ಅದಲುಬದಲು ಮಾಡಿದ್ದೆ. ಒಂದರ ಕೋನ್, ಅಂದರೆ ಸದ್ದಿಗೆ ಅದುರುವ ಮುಂಭಾಗ, ಗಾಳಿಯನ್ನು ಮುಂದೆ ತಳ್ಳಿದರೆ ಇನ್ನೊಂದು ಹಿಂದೆ ಎಳೆಯುತ್ತಿತ್ತು. 1.5 ವೋಲ್ಟಿನ ಸೆಲ್ ತಂದು ಪ್ಲಸ್‌ಗೆ ಪ್ಲಸ್ ತಾಗಿಸಿ ನೋಡಿ, ಕೋನ್ ಟಕ್ ಅಂತ ಮುಂದೆ ಬರಬೇಕು. ಅದನ್ನು ಸರಿಮಾಡಿದೆ. ಆದರೂ ಸದ್ದು ಮೊದಲಿಗಿಂತ ಕಮ್ಮಿ.

ಆಮೇಲೆ ಗೊತ್ತಾಯಿತು, ವಾಟ್ ಸದ್ದಿನ ಅಳತೆಯೇ ಅಲ್ಲ. ಕೋನಿಗೆ ಅಂಟಿರುವ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಸುಡದೆ ಎಷ್ಟು ಪವರ್ ತಡೆಯುತ್ತದೆ ಅನ್ನುವುದಷ್ಟೇ ಅದು. ಸದ್ದಿಗೆ ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರಿಗೆ ಎಷ್ಟು ಸದ್ದು ಬರುತ್ತದೆ ಅನ್ನುವುದು. ಹಳೆಯವು 97 ಡೆಸಿಬಲ್, ಹೊಸವು 93. ನಾಲ್ಕೇ ಅಲ್ವಾ ಅನ್ನಬೇಡಿ. ಆ ನಾಲ್ಕನ್ನು ತುಂಬಿಸಲು ಎರಡೂವರೆ ಪಟ್ಟು ಪವರ್ ಬೇಕು. ಅಷ್ಟನ್ನು ನನ್ನ ಆಂಪ್ಲಿಫೈಯರ್ (ಆಂಪ್) ಎಲ್ಲಿಂದ ತರಬೇಕು?

ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ನನ್ನದು ಐದು ತಂತಿಯ ಬೇಸ್. ಬಿ ತಂತಿ ಸುಮಾರು 31 ಹರ್ಟ್ಸ್‌ಗೆ ಇಳಿಯುತ್ತದೆ. ಪೋರ್ಟ್ (ಗಾಳಿ ಆಡುವ ತೂತು) ಇರುವ ಪೆಟ್ಟಿಗೆಯಲ್ಲಿ ಅದರ ಟ್ಯೂನಿಂಗ್‌ಗಿಂತ, ಅಂದರೆ ಪೋರ್ಟನ್ನು ಹೊಂದಿಸಿರುವ ಸ್ವರಕ್ಕಿಂತ, ಕೆಳಗೆ ಹೋದರೆ ಒಳಗಿನ ಗಾಳಿ ಕೋನನ್ನು ಹಿಡಿದಿಡುವುದಿಲ್ಲ. ಸದ್ದು ಸಾಲದು ಅಂತ ನಾನು ವಾಲ್ಯೂಮ್ ಜೊತೆಗೆ ಬೇಸ್ ಗುಂಡಿಯನ್ನೂ ತಿರುಗಿಸಿದ್ದೆ. ಟಪ್ ಟಪ್ ಅಂತ ಎರಡು ಸಲ ಕೇಳಿಸಿತು. ಮೂರನೆಯ ಸಲಕ್ಕೆ ಒಂದು ಸ್ಪೀಕರ್ ಮುಗಿಯಿತು. ಬೆರಳಲ್ಲಿ ಕೋನ್ ಒತ್ತಿದರೆ ಕಾಯಿಲ್ ಕರಕರ ಉಜ್ಜುತ್ತಿತ್ತು. ಸುಟ್ಟ ವಾಸನೆ ಒಂದಿಷ್ಟೂ ಇಲ್ಲ. ಬಿಸಿಯಿಂದಲ್ಲ, ಅಳತೆ ಮೀರಿ ಕುಣಿದು ಸತ್ತದ್ದು ಅದು.

ಬಹಳಷ್ಟು ಬೇಸ್ ಸ್ಪೀಕರುಗಳ ಜೊತೆ ಥೀಲ್-ಸ್ಮಾಲ್ ಅಂಕಿಗಳ ಪಟ್ಟಿ ಕೊಟ್ಟಿರುತ್ತಾರೆ, ಸ್ಪೀಕರ್ ಪೆಟ್ಟಿಗೆಯೊಳಗೆ ಹೇಗೆ ವರ್ತಿಸುತ್ತದೆ ಅಂತ ಲೆಕ್ಕ ಹಾಕಲು ಬೇಕಾದವು. ನಾನು ಅದನ್ನು ಸುಮ್ನೆ ದಾಟಿ ಹೋಗಿದ್ದೆ. ಆ ಅಂಕಿಗಳು, ಪೆಟ್ಟಿಗೆಯ ಒಳಗಿನ ಲೀಟರು, ಪೋರ್ಟಿನ ಅಳತೆ ಕೊಟ್ಟರೆ ವಿನ್‌ಐಎಸ್‌ಡಿ ಅನ್ನುವ ಬಿಟ್ಟಿ ಸಾಫ್ಟ್‌ವೇರ್ ಕೋನ್ ಯಾವ ಸ್ವರಕ್ಕೆ ಎಷ್ಟು ಮಿಲಿಮೀಟರ್ ಕುಣಿಯುತ್ತದೆ ಅಂತ ತೋರಿಸುತ್ತದೆ. ಅರ್ಧ ಗಂಟೆಯ ಕೆಲಸ. ಓಮ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ) ವಿಷಯದಲ್ಲಿ ಮಾತ್ರ ಅದೃಷ್ಟಕ್ಕೆ ಉಳಿದುಕೊಂಡೆ. ಅದೇ ಸ್ಪೀಕರ್ 4 ಓಮಿನದೂ ಇತ್ತು, ನಾನು ತರಿಸಿದ್ದು ಅದಲ್ಲ. ಅಂಥ ಎರಡನ್ನು ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಹಾಕಿದ್ದರೆ 2 ಓಮ್ ಆಗುತ್ತಿತ್ತು, 4ಕ್ಕಿಂತ ಕೆಳಗೆ ಹೋಗಬಾರದ ಆಂಪ್ ಕೂಡ ಹೋಗಬಹುದಿತ್ತು.

ಸೋತು ಹಳೆಯ ಸ್ಪೀಕರುಗಳನ್ನೇ ವಾಪಸ್ ಕೂರಿಸಿದೆ. ಸದ್ದು ಬಂತು, ಜಿರ್ರ್ ಕೂಡ ಬಂತು. ಈ ಸಲ ನುಡಿಸಲು ಸ್ನೇಹಿತನನ್ನು ಕೂರಿಸಿ, ಪೆಟ್ಟಿಗೆಯ ಸುತ್ತ ಕೈಯಾಡಿಸುತ್ತಾ ಹೋದೆ. ಪಕ್ಕದ ಹಿಡಿಯನ್ನು ಒತ್ತಿದ ತಕ್ಷಣ ನಿಂತಿತು. ಎರಡು ಸ್ಕ್ರೂ ಸಡಿಲವಾಗಿದ್ದವು.