ಆರ್‌ಟಿಎಕ್ಸ್ 3060 ಮತ್ತು 144 ಹರ್ಟ್ಸ್ ವಿಎ ಮಾನಿಟರ್: ಅಂದ ಬೇಕಾ, ಓಟ ಬೇಕಾ?

ಈ ಜೋಡಿ ನನ್ನ ಮೇಜಿಗೆ ಬಂದು ವರ್ಷಗಳಾದವು. ಆಟದ ಚಿತ್ರ ಬಿಡಿಸಿ ಕೊಡುವ ಗ್ರಾಫಿಕ್ಸ್ ಕಾರ್ಡು 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060, ಮಾನಿಟರ್ 27 ಇಂಚಿನ 1440ಪಿ ವಿಎ. ವಿಎ ಅಂದರೆ ಕಪ್ಪು ಗಾಢವಾಗಿ ಕಾಣುವ ಒಂದು ಬಗೆಯ ಎಲ್‌ಸಿಡಿ ಪ್ಯಾನೆಲ್, 144 ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ 144 ಸಲ ರಿಫ್ರೆಶ್ ಆಗಬಲ್ಲದು. ಮಿಕ್ಕ ವಿವರ ಡಬ್ಬದ ಮೇಲಿದೆ, ಯೂಟ್ಯೂಬ್‌ನಲ್ಲೂ ಇದೆ. ಡಬ್ಬದ ಮೇಲೆ ಇಲ್ಲದ ಸಂಗತಿ ಒಂದೇ. ಕತ್ತಲ ದೃಶ್ಯ ಬಂದರೆ ನನ್ನ ಪರದೆ ಮಿನುಗುತ್ತದೆ. ಈ ವಿಮರ್ಶೆಯ ದೊಡ್ಡ ಪಾಲು ಅದರದ್ದೇ.

ಮೊದಲು ಕಾರ್ಡಿನ ವಿಷಯ ಮುಗಿಸಿಬಿಡುತ್ತೇನೆ. ಇದು ಮಾರುಕಟ್ಟೆಗೆ ಬಂದದ್ದು 2021ರ ಫೆಬ್ರವರಿಯಲ್ಲಿ. ಆಗ ಇಂಥ ಕಾರ್ಡುಗಳನ್ನು ದುಡಿಸಿ ಎಥೀರಿಯಂನಂಥ ಡಿಜಿಟಲ್ ನಾಣ್ಯ ಗಳಿಸುವ ಕ್ರಿಪ್ಟೊ ಮೈನಿಂಗ್ ಜೋರಾಗಿತ್ತು, ಕಂಪನಿ ಹೇಳಿದ ಬೆಲೆಗೆ ಸಿಗುವ ಮಾತೇ ಇರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ ನಿಂತಿತು, ಕಾರ್ಡುಗಳ ಬೆಲೆಯೂ ಇಳಿದಿತ್ತು. ನಾನು ಕಾಯುತ್ತಿದ್ದದ್ದು ಅದಕ್ಕೇ. ದಾವಣಗೆರೆಯಿಂದ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ನಾಲ್ಕಾರು ಅಂಗಡಿ ಸುತ್ತಿ, ಚೌಕಾಸಿ ಮಾಡಿ, ಹೊಸದನ್ನೇ ಬಿಲ್ ಸಮೇತ ತಂದೆ. ಮೈನಿಂಗ್‌ನಲ್ಲಿ ದುಡಿದು ಬಂದ ಸೆಕೆಂಡ್ ಹ್ಯಾಂಡ್ ಕಾರ್ಡುಗಳು ಇನ್ನೂ ಅಗ್ಗಕ್ಕೆ ಇದ್ದವು. ಧೈರ್ಯ ಬರಲಿಲ್ಲ.

ಈ ಕಾರ್ಡು ನನಗೆ ಇಷ್ಟು ದಿನ ಬಾಳಿಕೆ ಬಂದಿರುವುದು ಆ 12 ಜಿಬಿಯಿಂದ. ಇದರ ಅಣ್ಣಂದಿರಾದ 3060 ಟಿಐ ಮತ್ತು 3070 ವೇಗದಲ್ಲಿ ಮುಂದಿವೆ, ಆದರೆ ಮೆಮೊರಿ ಎಂಟೇ ಜಿಬಿ. ಗೋಡೆ, ಬಟ್ಟೆ, ಮುಖದ ಚರ್ಮ ಎಲ್ಲ ಚೂಪಾಗಿ ಕಾಣುವುದು ಅವುಗಳ ಮೇಲೆ ಹೊದಿಸುವ ಟೆಕ್ಸ್‌ಚರ್ ಎಂಬ ಚಿತ್ರಗಳಿಂದ. ಅದು ಮೆಮೊರಿಯಲ್ಲಿ ಹಿಡಿಸಿದರೆ ಫ್ರೇಮ್ ರೇಟಿಗೆ (ಕಾರ್ಡು ಸೆಕೆಂಡಿಗೆ ಕೊಡುವ ಚಿತ್ರಗಳ ಲೆಕ್ಕ, ಎಫ್‌ಪಿಎಸ್) ಅಂಥ ಹೊರೆ ಇಲ್ಲ. ಹಿಡಿಸದಿದ್ದರೆ ಆಟ ಮುಗ್ಗರಿಸುತ್ತದೆ. ಹಾಗಾಗಿ ಯಾವ ಆಟ ಬಂದರೂ ನಾನು ಮೊದಲು ಮಾಡುವ ಕೆಲಸ ಟೆಕ್ಸ್‌ಚರ್ ಅನ್ನು ಮೇಲಕ್ಕೆ ತಳ್ಳುವುದು. ಕಡಿತವೆಲ್ಲ ಆಮೇಲೆ.

ಹೊಸ ಆಟ ಹಾಕಿದ ಮೊದಲ ಸಂಜೆ ನಾನು ಆಡುವುದೇ ಇಲ್ಲ. ರಾತ್ರಿಯಿಡೀ ಡೌನ್‌ಲೋಡ್ ಆಗಿರುತ್ತದೆ. ಕೆಲಸ ಮುಗಿಸಿ ಬಂದು ಆನ್ ಮಾಡಿದರೆ 'ಶೇಡರ್ ಕಂಪೈಲ್ ಆಗುತ್ತಿದೆ' ಎಂಬ ಪಟ್ಟಿ ತೆವಳುತ್ತದೆ. ಅಷ್ಟರಲ್ಲಿ ಒಲೆ ಮೇಲೆ ಚಹಾ ಇಡುತ್ತೇನೆ, ಕಿಟಕಿ ಪರದೆ ಎಳೆಯುತ್ತೇನೆ, ಕನ್ನಡಕ ಒರೆಸುತ್ತೇನೆ. ಮನೆಯವಳು "ಸಿನಿಮಾ ಶುರುವಾಯ್ತಾ?" ಅಂತ ಕೇಳುತ್ತಾಳೆ. ಇಲ್ಲ, ಇನ್ನೂ ಟೈಟಲ್ ಕಾರ್ಡೇ ಬಂದಿಲ್ಲ. ಆಮೇಲೆ ಆಟದೊಳಗೆ ಎಲ್ಲಕ್ಕಿಂತ ಭಾರವಾದ ಜಾಗ ಹುಡುಕಿ ನಿಲ್ಲುತ್ತೇನೆ. ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಾದರೆ ಸೇಂಟ್ ಡೆನಿಸ್ ಪೇಟೆ ಬೀದಿ, ಸಂಜೆ ಹೊತ್ತು. ದೀಪ, ಮಂಜು, ಜನ, ಕುದುರೆಗಾಡಿ, ಒದ್ದೆ ನೆಲ, ಎಲ್ಲ ಒಟ್ಟಿಗೆ. ಅಲ್ಲಿ ಕುದುರೆ ಮೇಲೆ ಕೂತುಕೊಂಡೇ ಮೆನು ತೆಗೆದು ಒಂದೊಂದೇ ಬದಲಿಸುವುದು. ನೆರಳು ಅಲ್ಟ್ರಾದಿಂದ ಹೈ. ಮಂಜಿನ ಬೆಳಕು ಹೈನಿಂದ ಮೀಡಿಯಂ. ನೀರಿನ ಅಲೆಗಳ ಲೆಕ್ಕಾಚಾರ ಅರ್ಧಕ್ಕೆ. ಬದಲಿಸಿದ ಮೇಲೆ ತಲೆ ಮುಂದೆ ಚಾಚಿ ನೋಡುತ್ತೇನೆ. ವ್ಯತ್ಯಾಸ ಕಾಣಿಸಲಿಲ್ಲ ಅಂದರೆ ಆ ಫ್ರೇಮುಗಳು ನನ್ನ ಜೇಬಿಗೆ. ಅಲ್ಟ್ರಾ ಎಂಬುದು ಬಹಳ ಆಟಗಳಲ್ಲಿ ಸ್ಕ್ರೀನ್‌ಶಾಟ್ ತೆಗೆಯುವವರಿಗೆ ಅಂತ ಇಟ್ಟದ್ದು ಅಂತ ನನ್ನ ಅಭಿಪ್ರಾಯ. ಹೈಗೂ ಅದಕ್ಕೂ ಕಣ್ಣಿಗೆ ಕೂದಲೆಳೆ ವ್ಯತ್ಯಾಸ. ಕಾರ್ಡಿಗೆ ಬೀಳುವ ಕೆಲಸ ಮಾತ್ರ ಜಾಸ್ತಿ.

ಇಷ್ಟೆಲ್ಲ ಮಾಡಿ, ಸಣ್ಣದಾಗಿ ಬಿಡಿಸಿದ ಚಿತ್ರವನ್ನು ಎಐನಿಂದ ಹಿಗ್ಗಿಸಿ ತೋರಿಸುವ ಡಿಎಲ್‌ಎಸ್‌ಎಸ್ ಅನ್ನು ಕ್ವಾಲಿಟಿಗೆ ಇಟ್ಟರೆ ಸೇಂಟ್ ಡೆನಿಸ್‌ನಲ್ಲಿ ಸೆಕೆಂಡಿಗೆ ಅರವತ್ತರ ಆಸುಪಾಸು ಫ್ರೇಮ್ ಸಿಗುತ್ತದೆ. ಊರ ಹೊರಗೆ ಹುಲ್ಲುಗಾವಲಿಗೆ ಹೋದರೆ ಎಂಬತ್ತು ದಾಟುತ್ತದೆ. ಕಾಡೊಳಗೆ ಮತ್ತೆ ಇಳಿಯುತ್ತದೆ. ತೊಂದರೆ ಶುರುವಾಗುವುದೇ ಈ ಏರಿಳಿತದಿಂದ.

ಇಂಥ ಏರಿಳಿತ ಮುಚ್ಚಿಹಾಕಲೆಂದೇ ವಿಆರ್‌ಆರ್, ಅಂದರೆ ವೇರಿಯಬಲ್ ರಿಫ್ರೆಶ್ ರೇಟ್, ಇದೆ. ಕಾರ್ಡು ಫ್ರೇಮ್ ಕೊಟ್ಟ ಕ್ಷಣಕ್ಕೇ ಪರದೆಯೂ ಬದಲಾಗುತ್ತದೆ. ಈ ಕಾರ್ಡಿನ ಕಂಪನಿ ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ಅಂತ ತಂದದ್ದು ಇದನ್ನೇ. ಮಾನಿಟರ್ ಒಳಗೆ ಅವರದೇ ಚಿಪ್ ಬೇಕಿತ್ತು, ಬೆಲೆ ನಮ್ಮಂಥವರಿಗೆ ಎಟುಕುತ್ತಿರಲಿಲ್ಲ. 2019ರ ಜನವರಿಯಲ್ಲಿ ಎದುರಾಳಿ ಎಎಮ್‌ಡಿಯ ವಿಆರ್‌ಆರ್ ಪದ್ಧತಿಯಾದ ಫ್ರೀಸಿಂಕ್ ಇರುವ ಸಾಮಾನ್ಯ ಮಾನಿಟರ್‌ಗಳಲ್ಲೂ ಅವರ ಕಾರ್ಡು ಈ ಕೆಲಸ ಮಾಡುವಂತೆ ಡ್ರೈವರ್ ಬಿಟ್ಟರು. ನನ್ನದು ಅಂಥದ್ದೇ ಮಾನಿಟರ್. ಹಗಲಿನ ದೃಶ್ಯಗಳಲ್ಲಿ ಬೆಣ್ಣೆ. ಐವತ್ತೆಂಟಾ, ಎಪ್ಪತ್ತೆರಡಾ ಅಂತ ಗೊತ್ತೇ ಆಗುವುದಿಲ್ಲ.

ಕತ್ತಲಾದ ಮೇಲೆ ನೋಡಬೇಕು. ಗುಹೆಯೊಳಗೆ ಲಾಟೀನು ಹಿಡಿದು ನಡೆಯುತ್ತಿರುವಾಗ ಬೂದು ಬಣ್ಣದ ಗೋಡೆಯೆಲ್ಲ ಸಣ್ಣಗೆ ಹತ್ತಿ ಆರಿದ ಹಾಗೆ ಆಗುತ್ತದೆ. ಹಾಳಾದ ಟ್ಯೂಬ್‌ಲೈಟ್ ಕೆಳಗೆ ಕೂತ ಹಾಗೆ. ಲೋಡಿಂಗ್ ಸ್ಕ್ರೀನ್‌ಗಳಲ್ಲಂತೂ ಕೇಳಲೇಬೇಡಿ. ಮೊದಲ ಸಲ ಕಂಡಾಗ ವೋಲ್ಟೇಜ್ ಇಳಿದಿದೆ ಅಂದುಕೊಂಡು ಫ್ಯಾನ್ ಕಡೆ ನೋಡಿದೆ. ಫ್ಯಾನ್ ಸರಿಯಾಗೇ ತಿರುಗುತ್ತಿತ್ತು. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಡ್ರೈವರ್ ಹಳೆಯದು ಹಾಕಿದೆ, ಹೊಸದು ಹಾಕಿದೆ. ಮಿನುಗು ಹಾಗೇ ಇತ್ತು.

ವಾರಂಟಿ ಇತ್ತಲ್ಲ, ಕಂಪನಿಗೆ ಫೋನ್ ಮಾಡಿದೆ. ಯಾವ ಕಂಪನಿ ಅನ್ನುವುದು ಬೇಡ. ಮನೆಗೆ ಬಂದ ಹುಡುಗ ಬಹಳ ಮರ್ಯಾದೆಯವನು. ಚಪ್ಪಲಿ ಹೊರಗೆ ಬಿಟ್ಟು ಬಂದ, ವಿಂಡೋಸ್ ಡೆಸ್ಕ್‌ಟಾಪ್ ತೆಗೆದು ನೋಡಿದ. "ಸರ್, ಚೆನ್ನಾಗೇ ಇದೆಯಲ್ಲ?" ಅಂದ. ಆಟ ಹಾಕಿ ಗುಹೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದ. "ವಿಎ ಪ್ಯಾನೆಲ್ ಅಂದ್ರೆ ಹಿಂಗೇ ಸರ್, ಇದು ಕಂಪ್ಲೇಂಟ್ ಲೆಕ್ಕಕ್ಕೆ ಬರಲ್ಲ" ಅಂತ ಹೇಳಿ ಸಹಿ ಹಾಕಿಸಿಕೊಂಡು ಹೋದ. ನನಗೆ ಉರಿದುಹೋಯಿತು. ಡಬ್ಬದ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ ಹಾಕಿರುವ ಸೌಲಭ್ಯ ರಾತ್ರಿ ಹೊತ್ತು ಕೆಲಸ ಮಾಡಲ್ಲ ಅಂದರೆ ಅದನ್ನೂ ಒಂದು ಮೂಲೆಯಲ್ಲಿ ಬರೆಯಬೇಕಲ್ವಾ?

ಆ ಹುಡುಗ ಹೇಳಿದ್ದು ಸುಳ್ಳೇನಲ್ಲ, ಅದು ಬೇರೆ ಮಾತು. ಪಿಕ್ಸೆಲ್‌ಗೆ ಕೊಡುವ ವೋಲ್ಟೇಜನ್ನು ನಿಗದಿತ ರಿಫ್ರೆಶ್ ವೇಗಕ್ಕೆ ಹೊಂದಿಸಿರುತ್ತಾರೆ. ಎರಡು ರಿಫ್ರೆಶ್ ನಡುವಿನ ಹೊತ್ತು ಹಿಗ್ಗಿ ಕುಗ್ಗಿದರೆ ಹೊಳಪೂ ಒಂದಿಷ್ಟು ಆಚೀಚೆ ಆಗುತ್ತದೆ. ವಿಎಯಲ್ಲಿ, ಓಲೆಡ್‌ನಲ್ಲಿ, ಅದರಲ್ಲೂ ಕಡು ಬೂದು ಬಣ್ಣಗಳಲ್ಲಿ ಇದು ಕಣ್ಣಿಗೆ ಬೀಳುತ್ತದೆ. ಐಪಿಎಸ್ ಎಂಬ ಇನ್ನೊಂದು ಬಗೆಯ ಪ್ಯಾನೆಲ್‌ನಲ್ಲಿ ಕಡಿಮೆ. ಇನ್ನೊಂದು ಕಾಟ ಏನೆಂದರೆ, ಫ್ರೇಮ್ ರೇಟು ಮಾನಿಟರ್‌ನ ಕೆಳಮಿತಿಗಿಂತ ಇಳಿದರೆ ಪ್ರತಿ ಫ್ರೇಮನ್ನೂ ಎರಡೆರಡು ಸಲ ತೋರಿಸುವ ವ್ಯವಸ್ಥೆ ಇದೆ. ನನ್ನದರಲ್ಲಿ ಆ ಮಿತಿ 48. ನಲವತ್ತೆಂಟು ಇದ್ದದ್ದು ನಲವತ್ತೇಳಾದರೆ ಪರದೆ ಒಮ್ಮೆಲೇ ತೊಂಬತ್ತನಾಲ್ಕು ಹರ್ಟ್ಸ್‌ಗೆ ಜಿಗಿಯುತ್ತದೆ. ಮಿನುಗದೆ ಇನ್ನೇನು?

ಕೊನೆಗೆ ಸಿಟ್ಟಿನಲ್ಲೇ ವಿಆರ್‌ಆರ್ ಆಫ್ ಮಾಡಿದೆ. ಆಮೇಲೆ ಕಂಡುಕೊಂಡ ಉಪಾಯವೇ ಈ ಮಾನಿಟರನ್ನು ನಾನು ಇನ್ನೂ ಮಾರದೇ ಇರಲು ಕಾರಣ.

ಮಾನಿಟರನ್ನು 120 ಹರ್ಟ್ಸ್‌ಗೆ ಇಳಿಸಿದೆ. ಯಾಕೆಂದರೆ 120ನ್ನು ಎರಡರಿಂದ ಭಾಗಿಸಿದರೆ 60, ಮೂರರಿಂದ ಭಾಗಿಸಿದರೆ 40, ನಾಲ್ಕರಿಂದ ಭಾಗಿಸಿದರೆ 30. ಆಟವನ್ನು ಈ ಮೂರರಲ್ಲಿ ಒಂದಕ್ಕೆ ಲಾಕ್ ಮಾಡಿ, ಪರದೆಯ ರಿಫ್ರೆಶ್‌ಗೆ ಕಾದು ಫ್ರೇಮ್ ತೋರಿಸುವ ವಿ-ಸಿಂಕ್ ಹಾಕಿದರೆ ಪ್ರತಿ ಫ್ರೇಮೂ ಪರದೆ ಮೇಲೆ ಸರಿಸಮ ಹೊತ್ತು ನಿಲ್ಲುತ್ತದೆ. ರಿಫ್ರೆಶ್ ಬದಲಾಗುವುದೇ ಇಲ್ಲ, ಮಿನುಗುವ ಪ್ರಶ್ನೆಯೂ ಇಲ್ಲ.

ಅರವತ್ತು ಎಲ್ಲರಿಗೂ ಗೊತ್ತಿರುವುದೇ. ನನಗೆ ಅಚ್ಚರಿ ತಂದದ್ದು ನಲವತ್ತು. ಮೂವತ್ತಕ್ಕಿಂತ ಹತ್ತೇ ಜಾಸ್ತಿ, ಏನು ಮಹಾ ಅನ್ನಿಸಬಹುದು. ಫ್ರೇಮ್ ಎಣಿಸಬೇಡಿ, ಹೊತ್ತು ಎಣಿಸಿ. ಮೂವತ್ತರಲ್ಲಿ ಒಂದು ಫ್ರೇಮ್ 33.3 ಮಿಲಿಸೆಕೆಂಡ್ ನಿಲ್ಲುತ್ತದೆ, ಅರವತ್ತರಲ್ಲಿ 16.7. ಎರಡರ ಸರಿ ನಡುವೆ 25 ಮಿಲಿಸೆಕೆಂಡ್. ಅದೇ ನಲವತ್ತು ಎಫ್‌ಪಿಎಸ್. ಅಂದರೆ ಅರವತ್ತರ ಅರ್ಧ ದಾರಿ ನಲವತ್ತಕ್ಕೇ ಮುಗಿದಿರುತ್ತದೆ. ಕನ್ಸೋಲ್‌ನವರು ಇದನ್ನು ಬೇಗ ಹಿಡಿದರು. ಪಿಎಸ್5ರ ರ‍್ಯಾಚೆಟ್ ಅಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್ ಆಟಕ್ಕೆ 2021ರಲ್ಲೇ 120 ಹರ್ಟ್ಸ್ ಟಿವಿ ಇರುವವರಿಗಾಗಿ 40ರ ಮೋಡ್ ಕೊಟ್ಟಿದ್ದರು. ಪಿಸಿಯವರು ಮಾತ್ರ 144, 240 ಅಂತ ಎದೆ ತಟ್ಟಿಕೊಳ್ಳುತ್ತಾ ಇತ್ತ ಕಡೆ ತಿರುಗಿಯೂ ನೋಡುವುದಿಲ್ಲ.

ಸೈಬರ್‌ಪಂಕ್ 2077 ನಾನು ಮತ್ತೆ ಶುರು ಮಾಡಿದ್ದು ಈ ನಲವತ್ತರ ಧೈರ್ಯದಲ್ಲೇ. ಅರವತ್ತು ಬೇಕೆಂದರೆ ಈ ಕಾರ್ಡಿನಲ್ಲಿ ಬೆಳಕಿನ ಹಾದಿಯನ್ನೇ ಲೆಕ್ಕ ಹಾಕಿ ಚಿತ್ರ ಬಿಡಿಸುವ ರೇ ಟ್ರೇಸಿಂಗ್ ಮರೆತುಬಿಡಬೇಕು. ನಲವತ್ತು ಸಾಕು ಅಂದರೆ ಡಿಎಲ್‌ಎಸ್‌ಎಸ್ ಸ್ವಲ್ಪ ಇಳಿಸಿ, ಪ್ರತಿಫಲನಗಳಿಗೆ ಮಾತ್ರ ರೇ ಟ್ರೇಸಿಂಗ್ ಇಟ್ಟುಕೊಳ್ಳಬಹುದು. ಮಳೆ ಬಂದ ರಾತ್ರಿ ನೈಟ್ ಸಿಟಿಯ ರಸ್ತೆಯಲ್ಲಿ ನಿಂತೆ. ನಿಯಾನ್ ಬೋರ್ಡಿನ ಗುಲಾಬಿ ಬಣ್ಣ ಕೆಸರು ನೀರಿನಲ್ಲಿ ತಲೆಕೆಳಗಾಗಿ ಬಿದ್ದಿತ್ತು. ಒಂದು ಕಾರು ಅದರ ಮೇಲೆ ಹಾದುಹೋಯಿತು. ಕಾರಿನ ಬಾಗಿಲಲ್ಲೂ ಅದೇ ಗುಲಾಬಿ ಒಂದು ಕ್ಷಣ ಹರಿದು ಹೋಯಿತು. ಮಿಷನ್ ಬಿಟ್ಟು ಸುಮ್ನೆ ನೋಡುತ್ತಾ ನಿಂತಿದ್ದೆ. ಪರದೆ ಒಂದು ಸಲವೂ ಮಿನುಗಲಿಲ್ಲ. ವಿಎ ಪ್ಯಾನೆಲ್‌ನ ಕಪ್ಪು ಎಷ್ಟು ಚೆನ್ನಾಗಿದೆ ಅಂತ ಅವತ್ತೇ ಗೊತ್ತಾದದ್ದು. ಅಲ್ಲಿವರೆಗೆ ಅದನ್ನು ಬೈಯುವುದರಲ್ಲೇ ಕಾಲ ಹೋಗಿತ್ತು.

ಒಂದು ಷರತ್ತಿದೆ. ಕೈಯಲ್ಲಿ ಕಂಟ್ರೋಲರ್ ಇರಬೇಕು. ಮೌಸ್ ಹಿಡಿದರೆ ನಲವತ್ತು ಅಂಟಂಟು. ಗುರಿ ಇಡುವ ಹೊತ್ತಿಗೆ ಕೈ ಒಂದು ಕಡೆ, ಚಿತ್ರ ಒಂದು ಕಡೆ. ವಿ-ಸಿಂಕ್‌ನಿಂದ ಬರುವ ತಡವೂ ಅದಕ್ಕೆ ಸೇರುತ್ತದೆ. ಹೆಬ್ಬೆರಳಿನ ಕಡ್ಡಿಯಲ್ಲಿ ಅಷ್ಟು ಗೊತ್ತಾಗುವುದಿಲ್ಲ. ನಾನು ಕುರ್ಚಿ ಹಿಂದಕ್ಕೆ ಒರಗಿಸಿ, ಕಾಲು ಚಾಚಿ ಆಡುವವನು, ನನಗೆ ನಡೆಯುತ್ತದೆ.

ನಮ್ಮಣ್ಣನ ಮಗನಿಗೆ ನಡೆಯುವುದಿಲ್ಲ. ರಜೆಗೆ ಬಂದರೆ ಈ ಮೇಜು ಅವನದ್ದೇ. ವ್ಯಾಲರಂಟ್ ಎಂಬ ಆನ್‌ಲೈನ್ ಶೂಟಿಂಗ್ ಆಟ ಬಿಟ್ಟು ಬೇರೆ ಆಡುವುದಿಲ್ಲ. ಬಂದ ಕೂಡಲೇ 144 ಹರ್ಟ್ಸ್‌ಗೆ ಏರಿಸುತ್ತಾನೆ, ಎಲ್ಲ ಸೆಟ್ಟಿಂಗನ್ನೂ ಲೋಗೆ ಇಳಿಸುತ್ತಾನೆ. ಇಷ್ಟು ಒಳ್ಳೆ ಕಾರ್ಡಿಟ್ಟುಕೊಂಡು ಯಾಕೋ ಹಿಂಗೆ ಅಂತ ಕೇಳಿದ್ದಕ್ಕೆ, "ಚಿಕ್ಕಪ್ಪ, ನೀನು ಗೋಡೆ ನೋಡೋಕೆ ಬಂದಿದೀಯಾ, ಆಡೋಕೆ ಬಂದಿದೀಯಾ?" ಅಂದ. ಅವನ ಆಟಕ್ಕೆ ಅವನು ಹೇಳಿದ್ದೇ ಸರಿ. 144ರಲ್ಲಿ ಒಂದು ಫ್ರೇಮಿಗೆ ಏಳು ಮಿಲಿಸೆಕೆಂಡೂ ಇಲ್ಲ. ಮೂಲೆಯಿಂದ ಎದುರಾಳಿಯ ಭುಜ ಇಣುಕಿದ ಕ್ಷಣ ನನಗಿಂತ ಮೊದಲು ಅವನಿಗೆ ಕಾಣಿಸುತ್ತದೆ. ಅಲ್ಲಿ ನೆರಳು ಚೆಂದ ಇದ್ದು ಏನಾಗಬೇಕು? ಈ ಕಾರ್ಡಿಗೆ ವ್ಯಾಲರಂಟ್ ಲೆಕ್ಕಕ್ಕೇ ಇಲ್ಲ, ಇನ್ನೂರು ಆರಾಮಾಗಿ ದಾಟುತ್ತದೆ. ಆದರೆ ವಿಎ ಪ್ಯಾನೆಲ್‌ನಲ್ಲಿ ಕಪ್ಪು ಆಕೃತಿ ಓಡಿದರೆ ಹಿಂದೆ ಮಸಿ ಎಳೆದ ಹಾಗೆ ಬಾಲ ಬರುತ್ತದೆ. ಅವನು ದಿನಕ್ಕೆರಡು ಸಲ ಅದನ್ನು ಎತ್ತಿ ಆಡುತ್ತಾನೆ. ಅವನಂಥವರು ಐಪಿಎಸ್ ತೊಗೊಳ್ಳಿ, ಇನ್ನೊಂದು ಮಾತು ಬೇಡ.

ಲಾಕ್ ಮಾಡಿದ್ದರಿಂದ ಕೇಳದೇ ಸಿಕ್ಕ ಲಾಭವೂ ಇದೆ. ಈ ಕಾರ್ಡು ಪೂರ್ತಿ ದುಡಿದರೆ 170 ವ್ಯಾಟ್ ಎಳೆಯುತ್ತದೆ. ನನ್ನ ಹತ್ತಿರ ಇರುವುದು 600 ವಿಎ (ಇಲ್ಲಿ ವೋಲ್ಟ್-ಆಂಪಿಯರ್) ಯುಪಿಎಸ್. ಮೊದಲೆಲ್ಲ ಆಟದ ನಡುವೆ ಕರೆಂಟ್ ಹೋದರೆ ಅದು ಕೀಂ ಅಂತ ಒಂದೇ ಸಮ ಕೂಗಿ, ಸೇವ್ ಮಾಡುವುದರೊಳಗೆ ಕೈಚೆಲ್ಲುತ್ತಿತ್ತು. ಈಗ ಹಗುರವಾದ ಆಟಗಳನ್ನು ಅರವತ್ತಕ್ಕೆ ಕಟ್ಟಿಹಾಕಿರುವುದರಿಂದ ನೆಮ್ಮದಿಯಾಗಿ ಸೇವ್ ಮಾಡಿ, ಶಟ್‌ಡೌನ್ ಮಾಡಿ ಏಳಬಹುದು. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯಲ್ಲಿ ಬಾಗಿಲು ಹಾಕಿಕೊಂಡು ಆಡಿದವರಿಗೆ ಆ ಬಿಸಿಗಾಳಿಯ ವ್ಯತ್ಯಾಸವೂ ಗೊತ್ತಾಗುತ್ತದೆ. ಕೆಲವು ಆಟಗಳು ಬರೀ ಮೆನುವಿನಲ್ಲೇ ನಾನೂರು ಐನೂರು ಫ್ರೇಮ್ ಓಡಿಸಿ ಫ್ಯಾನ್ ಕಿರುಚುವಂತೆ ಮಾಡುತ್ತವೆ. ಯಾರಿಗೆ ಬೇಕು ಅದು? ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಅಂತ ಇದೆ, ಒಂದು ಸಲ ಹಾಕಿಬಿಡಿ.

ಕಾರ್ಡಿನ ಬಗ್ಗೆ ಇರುವ ಒಂದೇ ಕೊರಗು ಫ್ರೇಮ್ ಜನರೇಷನ್, ಅಂದರೆ ನಿಜವಾದ ಫ್ರೇಮುಗಳ ನಡುವೆ ಲೆಕ್ಕದ ಫ್ರೇಮ್ ಸೇರಿಸುವ ಸೌಲಭ್ಯ. ಎನ್‌ವಿಡಿಯಾ ಅದನ್ನು 40ರ ಸರಣಿ ಮತ್ತು ಆಮೇಲಿನ ಕಾರ್ಡುಗಳಿಗೆ ಮೀಸಲಿಟ್ಟಿತು. ಅಂಥದ್ದೇ ಸೌಲಭ್ಯವಾದ ಎಎಮ್‌ಡಿಯ ಎಫ್‌ಎಸ್‌ಆರ್ 3 ಇರುವ ಆಟಗಳಲ್ಲಿ ಈ ಕಾರ್ಡಿನಲ್ಲೂ ಆಗುತ್ತದೆ, ಎದುರಾಳಿ ಕಂಪನಿಯ ಧರ್ಮದಿಂದ. ಆದರೆ 2025ರ ಜನವರಿಯಲ್ಲಿ ಬಂದ ಡಿಎಲ್‌ಎಸ್‌ಎಸ್ 4ರ 'ಟ್ರಾನ್ಸ್‌ಫಾರ್ಮರ್' ಎಂಬ ಹೊಸ ಎಐ ಮಾಡೆಲ್ ಹಳೆ ಆರ್‌ಟಿಎಕ್ಸ್ ಕಾರ್ಡುಗಳಿಗೂ ಸಿಕ್ಕಿತು. ಆಟದೊಳಗಿನ ಕರೆಂಟ್ ತಂತಿ, ಬೇಲಿ, ಕೂದಲು ಈಗ ಓಡುವಾಗಲೂ ಗಟ್ಟಿಯಾಗಿ ನಿಲ್ಲುತ್ತವೆ. ಒಂದೆರಡು ಫ್ರೇಮ್ ತಿನ್ನುತ್ತದೆ, ತಿನ್ನಲಿ. ನಲವತ್ತಕ್ಕೆ ಲಾಕ್ ಮಾಡಿದವನಿಗೆ ಅದರ ಲೆಕ್ಕ ಯಾಕೆ? ಮೂಲೆಯಲ್ಲಿದ್ದ ಎಫ್‌ಪಿಎಸ್ ಅಂಕಿಯನ್ನೂ ಈಗ ತೆಗೆದುಹಾಕಿದ್ದೇನೆ.

ಕಾರ್ಡಿಗೆ ಐದಕ್ಕೆ ನಾಲ್ಕೂವರೆ. ಮಾನಿಟರ್‌ಗೆ ಮೂರು, ಅದೂ ಆ ಕಪ್ಪು ಬಣ್ಣದ ಮುಖ ನೋಡಿ. ಇಂಥ ಮಾನಿಟರ್ ಕೊಳ್ಳುವ ಮನಸ್ಸಿದ್ದರೆ ಅಂಗಡಿಯವರು ಹಾಕಿ ತೋರಿಸುವ ಯೂಟ್ಯೂಬ್ ವಿಡಿಯೊ ನೋಡಿ ಒಪ್ಪಬೇಡಿ. ಅದರಲ್ಲಿ ಮಿನುಗು ಕಾಣಿಸುವುದೇ ಇಲ್ಲ. ವಿಆರ್‌ಆರ್ ಆನ್ ಮಾಡಿಸಿ, ಯಾವುದಾದರೂ ಆಟದ ಕತ್ತಲ ಜಾಗಕ್ಕೆ ಹೋಗಿ, ಲೋಡಿಂಗ್ ಸ್ಕ್ರೀನ್ ಬರುವವರೆಗೆ ನಿಂತು ನೋಡಿ. ಅಷ್ಟು ಹೊತ್ತು ಬಿಡದ ಅಂಗಡಿಯಾದರೆ ಪಕ್ಕದ ಅಂಗಡಿಗೆ ಹೋಗಿ.